ಗುಲಾಬಿ ನೀರಿನ ಅಜ್ಜಿ

ಫೆಬ್ರವರಿ ೩, ಸೋಮವಾರ

ಕೆಳಗಿನ ಮನೆಯ ದರ್ಜಿಗೆ ತಲೆ ಕೆಟ್ಟಿದೆ. ಇದೇನೂ ಹೊಸ ಸುದ್ದಿಯಲ್ಲ, ಆದರೆ ಈಗ ಅದನ್ನು ಕಟ್ಟಡದ ಮೂವತ್ತೆರಡು ಮನೆಗೂ ಹಂಚಲು ಹೊರಟಿದ್ದಾನೆ. ಬೆಳಗ್ಗೆ ಎಲ್ಲರ ಫೋನಿಗೂ ಅವನ ಸಂದೇಶ ಬಂತು. ಕೊಳಾಯಿ ನೀರಿನಲ್ಲಿ ಮರೆವಿನ ಮದ್ದು ಬೆರೆಸುತ್ತಿದ್ದಾರಂತೆ. ಜನ ಹಿಂದಿನದೆಲ್ಲ ಮರೆತು, ಹೇಳಿದ್ದಕ್ಕೆಲ್ಲ ತಲೆಯಾಡಿಸಿಕೊಂಡು ಬಿದ್ದಿರಲಿ ಎಂದು ದೊಡ್ಡವರು ಹೂಡಿದ ಉಪಾಯವಂತೆ. ‘ನಿಮ್ಮವರು ಉಳಿಯಬೇಕಾದರೆ ಹತ್ತು ಜನಕ್ಕೆ ಕಳಿಸಿ’ ಎಂದು ಕೊನೆಗೊಂದು ಬಾಲ ಬೇರೆ.

ನನಗೆ ನಗು ತಡೆಯಲಾಗಲಿಲ್ಲ. ಆ ನೀರನ್ನು ಬಿಡುವವಳು ನಮ್ಮ ಮನೆಯಲ್ಲೇ ಇದ್ದಾಳೆ. ಸೊಸೆಗೆ ನೀರು ಶುದ್ಧ ಮಾಡುವ ಘಟಕದಲ್ಲಿ ಕೆಲಸ, ಕ್ಲೋರಿನ್ ಎಷ್ಟು ಬಿಡಬೇಕೆಂದು ನೋಡಿಕೊಳ್ಳುವುದು ಅವಳ ಪಾಲಿನದು. ಹತ್ತೊಂಬತ್ತು ವರ್ಷದಿಂದ ಒಂದೇ ಸೂರಿನ ಕೆಳಗಿದ್ದೇವೆ. ಅವಳು ನನ್ನ ಜೊತೆ ಆಡಿದ ಮಾತನ್ನೆಲ್ಲ ಒಟ್ಟು ಮಾಡಿದರೆ ಒಂದು ಪೋಸ್ಟ್ ಕಾರ್ಡ್ ತುಂಬಲಿಕ್ಕಿಲ್ಲ. ಮರೆವಿನ ಮದ್ದು ಬೆರೆಸುವಷ್ಟು ಚಾಲಾಕಿಯಾಗಿದ್ದರೆ ಮೊದಲ ಲೋಟ ನನಗೇ ಕೊಡುತ್ತಿದ್ದಳು.

ಅವಳಿಗೊಂದು ಅಭ್ಯಾಸವಿದೆ. ಕೆಲಸಕ್ಕೆ ಹೊರಡುವ ಮುಂಚೆ ಅಡುಗೆಮನೆಯ ಕೊಳಾಯಿಯಿಂದ ಗಾಜಿನ ಸಣ್ಣ ಕೊಳವೆಗೆ ನೀರು ಹಿಡಿದು, ಮಾತ್ರೆಯೊಂದನ್ನು ಹಾಕಿ ಅಲ್ಲಾಡಿಸುತ್ತಾಳೆ. ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣದ ಪಟ್ಟಿಯ ಪಕ್ಕ ಹಿಡಿದು ನೋಡಿ ಚೆಲ್ಲುತ್ತಾಳೆ. ಗುಲಾಬಿಯಾದರೆ ಕ್ಲೋರಿನ್ ನಮ್ಮ ಮನೆಯ ತನಕ ಬಂದಿದೆ, ಕುಡಿಯಬಹುದು ಎಂದು ಅರ್ಥ. ಆಗದಿದ್ದರೆ ಹೆದರಬೇಕು.

ಮೊಮ್ಮಗಳು ಕಾಲೇಜಿನಿಂದ ಬಂದವಳೇ ಫೋನ್ ಎತ್ತಿ ನನ್ನ ಮುಖಕ್ಕೆ ಹಿಡಿದಳು. “ಅಜ್ಜಿ, ದರ್ಜಿ ಅಂಕಲ್‌ಗೆ ಒಂದು ಉತ್ತರ ಕೊಡು.”

ಕೊಟ್ಟೆ. ಕೈ ಎತ್ತಿ, ಕಣ್ಣು ಅಗಲ ಮಾಡಿ, ದೊಡ್ಡ ಗುಟ್ಟು ಬಿಚ್ಚುವವಳ ಹಾಗೆ. “ನಿಜ ಕಣ್ರಪ್ಪ. ನಮ್ಮ ಸೊಸೇನೇ ಇರೋದು ಆ ನೀರಿನ ಘಟಕದಲ್ಲಿ. ದಿನಾ ಬೆಳಗ್ಗೆ ನನ್ನ ಕಣ್ಣೆದುರಿಗೇ ಮಾತ್ರೆ ಹಾಕ್ತಾಳೆ, ನೀರು ಗುಲಾಬಿ ಆಗುತ್ತೆ. ಅದನ್ನ ಕುಡಿದೇ ನಮ್ಮ ಯಜಮಾನರು ನಲವತ್ತು ವರ್ಷ ಮದುವೆ ದಿನ ಮರೆತರು. ಅದನ್ನ ಕುಡಿದೇ ದರ್ಜಿ ರವಿಕೆ ಕೊಡೋ ದಿನ ಮರೀತಾನೆ. ನಾನು ಮಾತ್ರ ಕುಡಿಯಲ್ಲ. ಅದಕ್ಕೇ ಯಾರು ಯಾವತ್ತು ಏನಂದ್ರು ಅಂತ ಒಂದೊಂದೂ ನೆನಪಿದೆ, ಹುಷಾರು.”

ಮೊಮ್ಮಗಳು ನಕ್ಕು ನಕ್ಕು ಫೋನ್ ಬೀಳಿಸಿದಳು. ನನಗೂ ಖುಷಿಯಾಯಿತು, ಸುಳ್ಳೇಕೆ.

ಫೆಬ್ರವರಿ ೫, ಬುಧವಾರ

ನಾನೀಗ ಮೀಮ್ ಆಗಿದ್ದೇನೆ. ಹಾಗೆಂದರೆ ಏನೆಂದು ಮೊಮ್ಮಗಳು ಅರ್ಧ ಗಂಟೆ ವಿವರಿಸಿದಳು. ನನಗೆ ತಿಳಿದದ್ದು ಇಷ್ಟು: ಒಬ್ಬರ ಮುಖ, ಇನ್ನೊಬ್ಬರ ಮಾತು, ಮೂರನೆಯವರ ನಗು.

ನನ್ನ ಎತ್ತಿದ ಕೈಯ ಚಿತ್ರದ ಕೆಳಗೆ ಯಾರೋ ಬರೆದಿದ್ದಾರೆ: ‘ಪರೀಕ್ಷೆಯಲ್ಲಿ ಉತ್ತರ ಮರೆತದ್ದು ನಾನಲ್ಲ ಸಾರ್, ನೀರು.’ ಇನ್ನೊಂದರಲ್ಲಿ ನನ್ನನ್ನು ವಿಜ್ಞಾನಿಯ ಬಿಳಿ ಕೋಟಿನಲ್ಲಿ ಕೂರಿಸಿ, ಸುತ್ತ ಗುಲಾಬಿ ಬಾಟಲಿ ಜೋಡಿಸಿದ್ದಾರೆ. ಮತ್ತೊಬ್ಬಳು ನನ್ನ ದನಿಗೆ ತುಟಿ ಅಲ್ಲಾಡಿಸಿ ಕುಣಿದಿದ್ದಾಳೆ. ಎಲ್ಲರೂ ದರ್ಜಿಯ ಹುಚ್ಚನ್ನೇ ಆಡಿಕೊಳ್ಳುತ್ತಿರುವುದು. ಗುಲಾಬಿ ನೀರಿನ ಅಜ್ಜಿ ಎಂದು ನನಗೆ ಹೆಸರಾಗಿದೆ.

ಮಂಡಿ ನೋವಿಗೆ ಮಾತ್ರೆ ತರಲು ಹೋದರೆ ಔಷಧಿ ಅಂಗಡಿಯವಳು ನನ್ನ ಜೊತೆ ನಿಂತು ಫೋಟೊ ತೆಗೆಸಿಕೊಂಡಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಇಷ್ಟು ಜನ ನನ್ನ ಮಾತಿಗೆ ಕಿವಿ ಕೊಡುತ್ತಿದ್ದಾರೆ.

ಸೊಸೆ ನಗಲಿಲ್ಲ. ಅವಳು ನಕ್ಕರೆ ತಾನೇ ಆಶ್ಚರ್ಯ.

ಫೆಬ್ರವರಿ ೬, ಗುರುವಾರ

ಬೆಳಗ್ಗೆ ಗಾಜಿನ ಕೊಳವೆ ತೊಳೆಯುತ್ತಾ ಸೊಸೆ ಬಾಯಿ ಬಿಟ್ಟಳು.

“ಅತ್ತೆ, ಆ ವಿಡಿಯೊ ತೆಗೆಸಿಬಿಡಿ.”

“ಯಾಕೆ, ನಿನ್ನ ಮಾನ ಹೋಯ್ತಾ? ಎಲ್ಲರೂ ನಗ್ತಾ ಇದಾರೆ.”

“ನಗೋರು ನಗ್ತಾರೆ ಅತ್ತೆ. ನಗದೇ ಇರೋರದ್ದೇ ನನಗೆ ಯೋಚನೆ.”

ನಾಲ್ಕು ಜನ ನನ್ನನ್ನು ಮಾತಾಡಿಸಿದರೆ ಇವಳಿಗೆ ಹೊಟ್ಟೆಯಲ್ಲಿ ಬೆಂಕಿ. ತೆಗೆಸುವುದಿಲ್ಲ ಎಂದೆ. ಅವಳು ಮತ್ತೆ ಕೇಳಲಿಲ್ಲ. ಬ್ಯಾಗ್ ಹೆಗಲಿಗೇರಿಸಿ ಹೋದಳು.

ಫೆಬ್ರವರಿ ೧೧, ಮಂಗಳವಾರ

ಈವತ್ತು ದರ್ಜಿ ಮೆಟ್ಟಿಲಿನಲ್ಲಿ ನನ್ನನ್ನು ನಿಲ್ಲಿಸಿದ. ಬಯ್ಯುತ್ತಾನೆಂದುಕೊಂಡಿದ್ದೆ. ಕೊರಳಿನ ಅಳತೆ ಪಟ್ಟಿ ತೆಗೆದು ಕೈಯಲ್ಲಿ ಸುತ್ತಿಕೊಂಡು, ದೊಡ್ಡ ಮನುಷ್ಯರ ಮುಂದೆ ನಿಂತ ಹಾಗೆ ನಿಂತ.

“ಅಜ್ಜಿ, ನಿಮ್ಮ ಧೈರ್ಯ ದೊಡ್ಡದು. ಮನೆಯವಳು ಅಂತ ನೋಡದೆ ಸತ್ಯ ಹೇಳಿಬಿಟ್ರಿ.”

“ಯಾವ ಸತ್ಯಾನೋ?”

ಅವನು ಫೋನ್ ತೋರಿಸಿದ. ನಾನೇ. ಆದರೆ ನನ್ನ ಯಜಮಾನರಿಲ್ಲ, ಮದುವೆ ದಿನವಿಲ್ಲ, ರವಿಕೆಯಿಲ್ಲ. ಒಂಬತ್ತು ಸೆಕೆಂಡು, ಅಷ್ಟೇ. ‘ನಮ್ಮ ಸೊಸೇನೇ ಇರೋದು ಆ ನೀರಿನ ಘಟಕದಲ್ಲಿ. ದಿನಾ ಬೆಳಗ್ಗೆ ನನ್ನ ಕಣ್ಣೆದುರಿಗೇ ಮಾತ್ರೆ ಹಾಕ್ತಾಳೆ. ನಾನು ಮಾತ್ರ ಕುಡಿಯಲ್ಲ.’ ಹಿಂದೆ ಗುಂಯ್ ಎನ್ನುವ ಭಯದ ಸಂಗೀತ. ಕೆಳಗೆ ಕೆಂಪಕ್ಷರದಲ್ಲಿ, ‘ಅತ್ತೆಯೇ ಬಾಯಿಬಿಟ್ಟಳು’.

“ಲೋ, ಅದು ನಿನ್ನನ್ನೇ ಆಡ್ಕೊಂಡು ಹೇಳಿದ್ದು ಕಣೋ. ತಮಾಷೆಗೆ.”

“ಬಿಡಿ ಅಜ್ಜಿ, ನನಗೆ ಅರ್ಥ ಆಗುತ್ತೆ.” ದನಿ ತಗ್ಗಿಸಿದ. “ಅದೇ ಮನೇಲಿ ಇರೋ ತನಕ ನೀವು ಹಾಗೇ ಹೇಳ್ಬೇಕು.”

ಮಾತಿಗೆ ಮಾತು ಸೇರಿಸುವುದರಲ್ಲಿ ನನ್ನನ್ನು ಯಾರೂ ಸೋಲಿಸಿದವರಿಲ್ಲ. ಈವತ್ತು ದರ್ಜಿ ಸೋಲಿಸಿದ. ಮೆಟ್ಟಿಲು ಹತ್ತಿ ಬಂದು ಮೊಮ್ಮಗಳನ್ನು ಕೂಗಿದೆ.

ಮೊಮ್ಮಗಳು ಹುಡುಕಿ ನೋಡಿದಳು. “ಅಜ್ಜಿ, ಇದನ್ನ ನಂಬಿ ಹಂಚಿದೋರು ಕಮ್ಮಿ. ತಮಾಷೆ ಅಂತ ಹಂಚಿದೋರೇ ಜಾಸ್ತಿ. ಆದ್ರೆ ತಮಾಷೆಗೆ ಕಳಿಸಿದ್ರೂ ಅದು ಹೋಗಿ ನಂಬೋರ ಕೈಗೇ ಸಿಗುತ್ತೆ.”

ಫೆಬ್ರವರಿ ೧೨, ಬುಧವಾರ

ತಿದ್ದಲು ಹೋಗಿ ಕೆಡಿಸಿದೆವು. ಮೊದಲಿನ ಪೂರ್ತಿ ವಿಡಿಯೊ ಹಾಕಿದೆವು. ತಮಾಷೆಯ ಭಾಗ ಆಮೇಲೆ ಸೇರಿಸಿದ್ದು ಎಂದರು. ನಾನು ನೆಟ್ಟಗೆ ಕುರ್ಚಿಯಲ್ಲಿ ಕೂತು, ತಲೆ ಬಾಚಿಕೊಂಡು, ‘ಅದು ಸುಳ್ಳು, ನನ್ನ ಸೊಸೆ ಮಾಡುವುದು ನೀರಿನ ಪರೀಕ್ಷೆ’ ಎಂದು ಹೇಳಿ ಕಳಿಸಿದೆ. ನನ್ನ ಕಣ್ಣಿನ ಸುತ್ತ ಕೆಂಪು ಬಳೆ ಎಳೆದು ‘ಹೆದರಿದ್ದಾಳೆ ನೋಡಿ’ ಎಂದು ಬರೆದರು. ಗೋಡೆಯ ಮೇಲೆ ಒಂದು ನೆರಳಿತ್ತು, ಅದು ನಮ್ಮ ಫ್ಯಾನಿನದು. ಬಂದೂಕು ಹಿಡಿದವನ ನೆರಳಂತೆ.

ಅದನ್ನೂ ಆಡಿಕೊಂಡು ನಗುವವರು ಬಂದರು. ಅಜ್ಜಿಯ ಹಿಂದೆ ಬಂದೂಕಿನ ಬದಲು ಸೌಟು, ಪೊರಕೆ, ಒಂಟೆ. ಆ ಒಂಟೆಯದ್ದನ್ನು ನೋಡಿ ಒಂದು ಕ್ಷಣ ನನಗೂ ನಗು ಬಂತು, ಆಮೇಲೆ ನಾಚಿಕೆಯಾಯಿತು.

ಘಟಕದ ಗೇಟಿನ ಮುಂದೆ ಅರವತ್ತು ಎಪ್ಪತ್ತು ಜನ ಬಂದು ನಿಂತಿದ್ದರಂತೆ. ಸೊಸೆ ಹಿಂದಿನ ಬಾಗಿಲಿನಿಂದ ಬಂದಳು. ಹೇಳಿದ್ದು ಅವಳಲ್ಲ, ಅವಳ ಜೊತೆ ಕೆಲಸ ಮಾಡುವವಳು ಫೋನಿನಲ್ಲಿ ಹೇಳಿದ್ದು.

ಫೆಬ್ರವರಿ ೧೪, ಶುಕ್ರವಾರ

ಜನ ದೂರು ಕೊಟ್ಟಿದ್ದಾರೆ, ವಿಚಾರಣೆ ಮುಗಿಯುವ ತನಕ ಅವಳು ಕ್ಲೋರಿನ್ ಕೋಣೆಗೆ ಕಾಲಿಡುವಂತಿಲ್ಲ. ಹಳೆಯ ಕಡತಗಳ ಕೋಣೆಯಲ್ಲಿ ಕೂರಿಸಿದ್ದಾರೆ.

ಮನೆಗೆ ಬಂದು, ಕೊಳಾಯಿ ನೀರಿಗೆ ಮಾತ್ರೆ ಹಾಕಿದಳು. ಬಣ್ಣ ತೀರಾ ತೆಳುವಾಗಿತ್ತು. ಬಹಳ ಹೊತ್ತು ಬೆಳಕಿಗೆ ಹಿಡಿದು ನೋಡಿದಳು. “ಹೊಸಬನಿಗೆ ಇನ್ನೂ ಕೈ ಕುದುರಿಲ್ಲ,” ಎಂದು ಯಾರಿಗೋ ಫೋನ್ ಮಾಡಿ, ಎಷ್ಟು ತಿರುಗಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಮೆಲ್ಲಗೆ ಹೇಳಿಕೊಟ್ಟಳು. ಒಳಗೆ ಬಿಡದವರಿಗೇ.

ನಾನಾಗಿದ್ದರೆ ಫೋನ್ ಎಸೆಯುತ್ತಿದ್ದೆ.

ಫೆಬ್ರವರಿ ೧೭, ಸೋಮವಾರ

ಬಸ್ ನಿಲ್ದಾಣದಲ್ಲಿ ಮೂವರು ಪಡ್ಡೆ ಹುಡುಗರು ಅವಳನ್ನು ಸುತ್ತುವರಿದರಂತೆ. ಇಬ್ಬರ ಕೈಯಲ್ಲಿ ಗುಲಾಬಿ ಬಣ್ಣ ಕದಡಿದ ಬಾಟಲಿ, ಮೂರನೆಯವನ ಕೈಯಲ್ಲಿ ಫೋನ್. “ಮೇಡಂ, ಇದನ್ನ ಕುಡಿದ್ರೆ ನಿಮ್ಮ ಹೆಸರು ನೆನಪಿರುತ್ತಾ?” ಎಂದು ತಲೆಯ ಮೇಲೆ ಸುರಿದರು. ಬಸ್ಸಿಗೆ ಕಾದವರಲ್ಲಿ ಅರ್ಧ ಜನ ನಕ್ಕರು. ಇದನ್ನೂ ನಾನು ಫೋನಿನಲ್ಲೇ ನೋಡಿದ್ದು. ಅವಳು ಏನೂ ಅನ್ನದೆ ಕರ್ಚೀಫಿನಿಂದ ಕಣ್ಣು ಒರೆಸಿಕೊಂಡು, ಬಂದ ಬಸ್ಸು ಹತ್ತುತ್ತಾಳೆ.

ನಾನು ತಮಾಷೆಗೆ ಹೇಳಿದೆ, ಅವರು ತಮಾಷೆಗೆ ಸುರಿದರು.

ಮನೆಗೆ ಬಂದು ಬಚ್ಚಲಲ್ಲಿ ಕೂತು ಕೆಲಸದ ನೀಲಿ ಅಂಗಿ ಉಜ್ಜುತ್ತಿದ್ದಳು. “ಕೊಡು ಇಲ್ಲಿ, ನಿನಗೆ ಕಲೆ ತೆಗೆಯೋಕೆ ಬರಲ್ಲ,” ಎಂದು ಕಿತ್ತುಕೊಂಡೆ. ತೋಳು ಮಡಿಸಿದ್ದಳು. ಮೊಣಕೈಯಿಂದ ಮಣಿಕಟ್ಟಿನ ತನಕ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು.

“ಇದೇನೇ?”

“ಹಳೇದು ಅತ್ತೆ. ಕ್ಲೋರಿನ್ ಸಿಲಿಂಡರಿನ ವಾಲ್ವ್ ಸೋರಿತ್ತು, ಮುಚ್ಚೋಕೆ ಹೋದೆ.”

“ಯಾವಾಗ?”

“ಎರಡು ವರ್ಷ ಆಯ್ತು. ಮಳೆ ನಿಂತ ಮೇಲೆ.”

ಆ ದಿನ ನನಗೆ ನೆನಪಿದೆ. ಕೈಗೆ ಬಟ್ಟೆ ಸುತ್ತಿಕೊಂಡು ಮೂರು ಗಂಟೆಗೆ ಬಂದಳು. ಯಾಕೆಂದು ಕೇಳಲಿಲ್ಲ. ಊಟಕ್ಕೆ ತಡವಾಯಿತೆಂದು ರೇಗಿದ್ದೆ. ‘ನಿನ್ನ ನೀರು ನಿನಗೆ ದೊಡ್ಡದು, ನಾವು ಉಪವಾಸ ಸತ್ತರೂ ಸರಿ’ ಎಂದಿದ್ದೆ. ಅಕ್ಷರಕ್ಕಕ್ಷರ ನೆನಪಿದೆ.

ಅಂಗಿಯ ಕಲೆ ಪೂರ್ತಿ ಹೋಗಲಿಲ್ಲ.

ಫೆಬ್ರವರಿ ೧೮, ಮಂಗಳವಾರ

ನಾನು ಯಾರ ಜೊತೆಯೂ ಮಾತಾಡಲಿಲ್ಲ.

ಫೆಬ್ರವರಿ ೨೦, ಗುರುವಾರ

ಹನ್ನೊಂದು ಗಂಟೆಗೆ ಘಟಕದ ಮೇಲಧಿಕಾರಿ ಮನೆಗೇ ಬಂದರು. ಕಂಕುಳಲ್ಲಿ ಫೈಲು, ಹಣೆಯಲ್ಲಿ ಬೆವರು. ಕೆಟ್ಟವರಲ್ಲ. ನಾನು ಅಡುಗೆಮನೆಯಲ್ಲಿದ್ದೆ, ಕಿವಿ ಮಾತ್ರ ನಡುಮನೆಯಲ್ಲಿತ್ತು.

“ನನಗೆ ಗೊತ್ತಮ್ಮ ಅದು ತಮಾಷೆ ಅಂತ. ಪೂರ್ತಿ ವಿಡಿಯೊ ನೋಡಿ ನನ್ನ ಹೆಂಡತಿ ಬಿದ್ದು ಬಿದ್ದು ನಕ್ಕಳು. ಆದ್ರೆ ದೂರು ಕಾಗದದ ಮೇಲಿದೆ. ನಾನೂರು ಸಹಿ, ಮೊದಲನೇದು ನಿಮ್ಮ ಕಟ್ಟಡದ ದರ್ಜಿದು. ಮನೆಯವರೇ ಸಾಕ್ಷಿ ಅಂತ ಬರೆದಿದಾರೆ. ಈಗ ನಿಮ್ಮತ್ತೇನೇ ಬಂದು ಇಲ್ಲ ಅಂದ್ರೂ ಬಲವಂತಕ್ಕೆ ಹೇಳ್ತಿದಾರೆ ಅಂತಾರೆ.”

“ಮತ್ತೇನು ಮಾಡ್ಬೇಕು ಸಾರ್?”

“ನಿಮ್ಮತ್ತೆಗೆ ವಯಸ್ಸಾಗಿದೆ, ನೆನಪು ಸರಿ ಇಲ್ಲ, ಏನೇನೋ ಮಾತಾಡ್ತಾರೆ ಅಂತ ಬರ್ಕೊಡಿ. ಜೊತೆಗೊಂದು ಡಾಕ್ಟರ್ ಚೀಟಿ. ಸಾಕ್ಷಿನೇ ಲೆಕ್ಕಕ್ಕಿಲ್ಲ ಅಂದ್ಮೇಲೆ ದೂರು ಬಿದ್ದುಹೋಗುತ್ತೆ. ಇಲ್ಲಾಂದ್ರೆ ತಿಂಗಳ ಕೊನೇಲಿ ಸಮಿತಿ ಕೂರುತ್ತೆ. ಅದರಲ್ಲಿ ಧೈರ್ಯ ಇರೋರು ಒಬ್ಬರೂ ಇಲ್ಲಮ್ಮ, ನನ್ನನ್ನೂ ಸೇರಿಸಿ. ನಿಮ್ಮನ್ನ ಮನೆಗೆ ಕಳಿಸಿಬಿಡ್ತಾರೆ.”

ನಾನು ಹಿಡಿದ ತಟ್ಟೆಯನ್ನು ಹಿಡಿದ ಹಾಗೇ ನಿಂತಿದ್ದೆ.

“ನಮ್ಮತ್ತೆಗೆ ಮರೆವಿಲ್ಲ ಸಾರ್,” ಎಂದಳು. “ನಾನು ಬರೆಯಲ್ಲ.”

“ಕೆಲಸ ಹೋಗುತ್ತಮ್ಮ.”

“ಹೋಗ್ಲಿ ಸಾರ್. ಅವರಿಗೆ ಇರೋದು ಆ ನೆನಪು, ಅದೊಂದೇ.”

ಅದೊಂದೇ ಅಂತೆ. ನನ್ನ ಬಗ್ಗೆ ತೀರ್ಪು ಕೊಡಲು ಇವಳ್ಯಾರು? ಸಿಟ್ಟಿನಲ್ಲಿ ಆ ತಟ್ಟೆಯನ್ನು ಎರಡು ಸಲ ತೊಳೆದೆ. ಒಗ್ಗರಣೆ ಸೀದಿತು.

ಫೆಬ್ರವರಿ ೨೧, ಶುಕ್ರವಾರ

ದರ್ಜಿಯ ಅಂಗಡಿಗೆ ಹೋದೆ. ಕೈಕಾಲು ಹಿಡಿಯುವುದು ನನ್ನ ಜಾಯಮಾನವಲ್ಲ, ಆದರೂ ಹೋದೆ. ಕಾಜಾ ಹೊಲಿಯುತ್ತಿದ್ದ.

“ನೋಡಪ್ಪ, ಆ ದೂರು ವಾಪಸ್ ತಗೋ. ನಾನು ಬಾಯಿಚಪಲಕ್ಕೆ ಆಡಿದ್ದು. ಅವಳ ಅನ್ನ ಹೋಗುತ್ತೆ.”

ಸೂಜಿ ನಿಲ್ಲಿಸಿದ. “ಅಜ್ಜಿ, ನಮ್ಮಮ್ಮನ್ನ ನೀವು ಕಂಡಿದ್ರಿ. ಎರಡು ವರ್ಷ ನಾನು ಯಾರು ಅಂತ ಗೊತ್ತಿಲ್ದೆ ಹೋದಳು. ಬೆಳಗ್ಗೆ ಎದ್ದು ನನ್ನನ್ನೇ ಕೇಳೋಳು, ಇಲ್ಲೊಬ್ಬ ದರ್ಜಿ ಇದ್ದ, ನನ್ನ ಮಗ, ಎಲ್ಲಿ ಹೋದ ಅಂತ. ಡಾಕ್ಟರು ಸುಮ್ಮನೆ ವಯಸ್ಸು ಅಂದ್ರು. ಸುಮ್ಮನೆ ಹೇಗಾಗುತ್ತೆ ಅಜ್ಜಿ? ಯಾರೋ ಏನೋ ಮಾಡಿರ್ಬೇಕಲ್ವಾ?”

ಯಾರೂ ಏನೂ ಮಾಡದೆಯೂ ಆಗುತ್ತದೆ ಎಂದು ಹೇಗೆ ಹೇಳಲಿ? ಇಷ್ಟು ದಿನ ಅವನನ್ನು ಹುಚ್ಚ ಎಂದುಕೊಂಡಿದ್ದೆ. ಹುಚ್ಚನಾಗಿದ್ದರೆ ಒಳ್ಳೆಯದಿತ್ತು, ಬೈದು ಬರಬಹುದಿತ್ತು.

“ಸಹಿ ವಾಪಸ್ ತಗೊಳ್ಳಲ್ಲ ಅಜ್ಜಿ,” ಎಂದ. “ನೀವೂ ಆ ನೀರು ಕುಡೀಬೇಡಿ.”

ಫೆಬ್ರವರಿ ೨೨, ಶನಿವಾರ

ಮಗ ದೂರದ ಬಸ್ಸು ಓಡಿಸುತ್ತಾನೆ, ವಾರಕ್ಕೆರಡು ದಿನ ಮನೆ. ಈವತ್ತು ಬಂದವನ ಮುಂದೆ ಕಾಗದ, ಪೆನ್ನು ಇಟ್ಟೆ. ಅವಳು ಸೊಪ್ಪು ತರಲು ಹೋಗಿದ್ದಳು.

“ಅಮ್ಮಾ, ನಿನಗೇನು ತಲೆ ಕೆಟ್ಟಿದೆಯಾ?”

“ಅದನ್ನೇ ಬರ್ಕೊಡು ಅಂತಿರೋದು.”

ಅವನು ನಗಲೂ ಇಲ್ಲ, ಅಳಲೂ ಇಲ್ಲ. ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ. “ಇದು ಕಚೇರಿ ಕಾಗದ ಅಮ್ಮ. ನಾಳೆ ನೀನು ಏನೇ ಹೇಳಿದ್ರೂ ಯಾರೂ ನಂಬಲ್ಲ. ಕಟ್ಟಡದ ಮಕ್ಕಳೂ ಆಡ್ಕೋತಾರೆ.”

“ನಂಬಿದ್ದಕ್ಕೇ ತಾನೇ ಇಷ್ಟೆಲ್ಲ ಆಗಿದ್ದು. ಬರಿ.”

ಬರೆದ. ಮಗನ ಅಕ್ಷರ ಚೆನ್ನಾಗಿದೆ. ‘ನಮ್ಮ ತಾಯಿಯವರಿಗೆ ಕೆಲವು ಕಾಲದಿಂದ’ ಎಂದು ಶುರು ಮಾಡಿದ. ನಾನು ಮುಂದೆ ಓದಲಿಲ್ಲ.

ಫೆಬ್ರವರಿ ೨೪, ಸೋಮವಾರ

ಮೊಮ್ಮಗಳನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋದೆ. ಮಂಡಿ ನೋವೆಂದು ಮನೆಯಲ್ಲಿ ಹೇಳಿದ್ದೆ. ದಾರಿಯುದ್ದಕ್ಕೂ ಹುಡುಗಿ ಅಳುತ್ತಿದ್ದಳು. “ಮೂಗು ಒರೆಸ್ಕೋ, ನಿನ್ನನ್ನೇ ಒಳಗೆ ಕೂರಿಸ್ಕೋತಾರೆ,” ಎಂದೆ. ಇವಳು ವಿಡಿಯೊಗಳನ್ನೆಲ್ಲ ಅಳಿಸಿದ್ದಾಳೆ. ಬೇರೆಯವರ ಹತ್ತಿರ ಇರುವುದನ್ನು ಅಳಿಸುವುದು ಹೇಗೆಂದು ಅವಳಿಗೂ ಗೊತ್ತಿಲ್ಲ.

ಡಾಕ್ಟರು ಹೆಂಗಸು. ನಲವತ್ತಿರಬಹುದು, ಕಣ್ಣು ಚೂಪು. ಮೂರು ಪದ ಹೇಳುತ್ತೇನೆ, ಆಮೇಲೆ ಕೇಳುತ್ತೇನೆ ಎಂದರು. ಬಾಗಿಲು, ನಿಂಬೆಹಣ್ಣು, ಕನ್ನಡಿ.

“ಈವತ್ತು ಯಾವ ವಾರ ಅಜ್ಜಿ?”

“ಶುಕ್ರವಾರ.”

“ಯಾವ ತಿಂಗಳು?”

“ಯಾವ ತಿಂಗಳಾದ್ರೇನು, ಎಲ್ಲಾ ಒಂದೇ.”

“ಇವಳು ಯಾರು?”

ಮೊಮ್ಮಗಳ ಮುಖ ನೋಡಿದೆ. ಹುಟ್ಟಿದ ಗಳಿಗೆಯಲ್ಲಿ ಮೊದಲು ನನ್ನ ಕೈಗೇ ಕೊಟ್ಟಿದ್ದರು. ಎರಡು ಮುಕ್ಕಾಲು ಕಿಲೊ ಇದ್ದಳು. ಎಡಗಿವಿ ಮಡಚಿಕೊಂಡಿತ್ತು. “ಪಕ್ಕದ್ಮನೆ ಹುಡುಗಿ,” ಎಂದೆ. ಹುಡುಗಿ ತಲೆ ತಗ್ಗಿಸಿದಳು.

ನೂರರಿಂದ ಏಳೇಳು ಕಳೆಯಿರಿ ಎಂದರು. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು ಎಂದು ಮನಸ್ಸು ಓಡಿತು. ಬಾಯಿ ತೊಂಬತ್ತು ಎಂದಿತು. ಗಡಿಯಾರ ಬರೆಯಿರಿ ಎಂದರು. ಬೇಕೆಂದೇ ಅಂಕಿಗಳನ್ನೆಲ್ಲ ಒಂದೇ ಕಡೆ ತುರುಕಿದೆ. ತಪ್ಪು ಮಾಡುವುದು ಇಷ್ಟು ಕಷ್ಟದ ಕೆಲಸ ಎಂದು ತಿಳಿದಿರಲಿಲ್ಲ. ಬೆನ್ನು ಬೆವರಿತ್ತು.

“ಆಗ ಮೂರು ಪದ ಹೇಳಿದ್ನಲ್ಲ?”

“ನೀವೆಲ್ಲಿ ಏನು ಹೇಳಿದ್ರಿ?”

ಡಾಕ್ಟರು ಪೆನ್ನು ಕೆಳಗಿಟ್ಟರು. “ಅಜ್ಜಿ, ಮರೆವು ಬಂದವರನ್ನ ನಾನು ದಿನಾ ನೋಡ್ತೀನಿ. ಅವರು ಸರಿಯಾಗಿ ಹೇಳೋಕೆ ಒದ್ದಾಡ್ತಾರೆ. ನೀವು ತಪ್ಪು ಹೇಳೋಕೆ ಒದ್ದಾಡ್ತಿದೀರಿ.”

ಮೊಮ್ಮಗಳು ಬಿಕ್ಕಿದಳು. ಇನ್ನು ನಾಟಕ ಆಡುವುದರಲ್ಲಿ ಅರ್ಥವಿರಲಿಲ್ಲ.

“ನೀವು ಕುಡಿಯೋ ನೀರಲ್ಲಿ ರೋಗ ಇರದ ಹಾಗೆ ನೋಡ್ಕೊಳ್ಳೋಳು ಒಬ್ಬಳಿದಾಳೆ,” ಎಂದೆ. “ನನ್ನ ನಾಲಿಗೆಯಿಂದ ಅವಳು ಬೀದಿಗೆ ಬೀಳ್ತಾ ಇದಾಳೆ. ಇದನ್ನ ಬಿಟ್ರೆ ನನಗೆ ಬೇರೆ ದಾರಿ ಕಾಣ್ತಿಲ್ಲ ತಾಯಿ.”

ಡಾಕ್ಟರಿಗೆ ನನ್ನ ಮುಖದ ಗುರುತು ಸಿಕ್ಕಿತೆಂದು ಕಾಣುತ್ತದೆ. ಫೋನ್ ಯಾರ ಹತ್ತಿರ ಇಲ್ಲ ಹೇಳಿ. ಪೆನ್ನು ಮತ್ತೆ ಎತ್ತಿಕೊಂಡು ಬರೆದರು. ಸುಳ್ಳು ಬರೆಯಲಿಲ್ಲ, ಓದಿ ಹೇಳಿದರು: ಪರೀಕ್ಷೆಯಲ್ಲಿ ಇವರು ಕೊಟ್ಟ ಉತ್ತರಗಳು ತಪ್ಪಾಗಿವೆ, ಇವರ ಹೇಳಿಕೆಯನ್ನು ಸಾಕ್ಷಿಯೆಂದು ನೆಚ್ಚಿಕೊಳ್ಳಲಾಗದು.

ಎದ್ದು ಬರುವಾಗ “ಅಜ್ಜಿ, ಹೊರಗೆ ಯಾರಾದ್ರೂ ಕೇಳಿದ್ರೆ ಇಷ್ಟು ಚುರುಕಾಗಿ ಉತ್ತರ ಕೊಡಬೇಡಿ,” ಎಂದರು.

ಫೆಬ್ರವರಿ ೨೭, ಗುರುವಾರ

ದೂರು ವಜಾ ಆಯಿತು. ಸೋಮವಾರದಿಂದ ಅವಳು ಮೊದಲಿನ ಜಾಗಕ್ಕೆ.

ಆದೇಶದ ಕಾಗದ ಕೈಯಲ್ಲಿ ಹಿಡಿದೇ ಒಳಗೆ ಬಂದಳು. ಚಪ್ಪಲಿಯನ್ನೂ ಬಿಟ್ಟಿರಲಿಲ್ಲ.

“ಯಾರು ಕೇಳಿದ್ರು ನಿಮ್ಮನ್ನ?”

“ಮೆಲ್ಲಗೆ ಮಾತಾಡು. ನನಗೆ ಹುಷಾರಿಲ್ಲ, ಕಾಗದದಲ್ಲಿದೆ.”

“ತಮಾಷೆ ಮಾಡಬೇಡಿ ಅತ್ತೆ.” ದನಿ ಒಡೆಯಿತು. ಇವಳಿಗೆ ಇಷ್ಟು ದೊಡ್ಡ ದನಿ ಇದೆ ಎಂದೇ ನನಗೆ ಗೊತ್ತಿರಲಿಲ್ಲ. “ಬೇಡ ಅಂದಿದ್ದೆ ನಾನು. ನನ್ನ ಕೆಲಸ, ನಾನು ನೋಡ್ಕೋತಿದ್ದೆ. ಇನ್ಮೇಲೆ ದಿನಾ ಈ ಮೆಟ್ಟಿಲು ಹತ್ತಿ ಇಳೀಬೇಕಾದೋರು ನೀವು. ಒಂದೊಂದು ಬಾಗಿಲಲ್ಲೂ ಒಬ್ಬೊಬ್ಬರು ನಿಮಗೆ ಮಗೂಗೆ ಹೇಳೋ ಹಾಗೆ ಹೇಳ್ತಾರೆ. ತಡ್ಕೋತೀರಾ? ನೀವು?”

“ಸಾಕು, ಕೂತ್ಕೋ. ಊಟ ಆರ್ತಾ ಇದೆ.”

ಕೂರಲಿಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹತ್ತೊಂಬತ್ತು ವರ್ಷದಲ್ಲಿ ನಮ್ಮ ಮೊದಲ ಜಗಳ. ಇಷ್ಟು ದಿನ ಜಗಳವೆಂದು ನಾನು ಅಂದುಕೊಂಡದ್ದೆಲ್ಲ ನಾನೊಬ್ಬಳೇ ಆಡಿದ್ದು.

ಮಾರ್ಚ್ ೧, ಶನಿವಾರ

ಡಾಕ್ಟರ ಚೀಟಿ ಯಾವುದೋ ಸಂದಿಯಿಂದ ಹೊರಗೆ ಹೋಗಿದೆ. ‘ಅಜ್ಜಿಗೂ ಕುಡಿಸಿಬಿಟ್ಟರು’ ಎಂದು ಒಂದು ಗುಂಪು. ಅವರನ್ನು ಆಡಿಕೊಳ್ಳುವವರು ನನ್ನ ಚಿತ್ರದ ಜೊತೆ ‘ಅಜ್ಜಿಯನ್ನು ಉಳಿಸಿ, ಸೋಡಾ ಕುಡಿಸಿ’ ಎಂದು ಅಂಗಿಗಳ ಮೇಲೆ ಮುದ್ರಿಸಿದ್ದಾರಂತೆ. ನನಗೆ ಇದಕ್ಕೆಲ್ಲ ಎಂಥೆಂಥ ಉತ್ತರ ಹೊಳೆಯುತ್ತಿದೆ. ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದೇನೆ.

ಔಷಧಿ ಅಂಗಡಿಯವಳು ಮಾತ್ರೆಯನ್ನು ನನ್ನ ಕೈಗೆ ಕೊಡದೆ, ಬೆಳಗ್ಗೆ ನುಂಗುವುದೆಂದು ಗೊತ್ತಾಗಲು ಪೊಟ್ಟಣದ ಮೇಲೆ ಸೂರ್ಯನ ಚಿತ್ರ ಬರೆದು, ಮೊಮ್ಮಗಳ ಕೈಗೆ ಕೊಟ್ಟಳು.

ಮಾರ್ಚ್ ೩, ಸೋಮವಾರ

ಅವಳು ಈವತ್ತು ಕೆಲಸಕ್ಕೆ ಹೊರಟಳು. ನೀಲಿ ಅಂಗಿಗೆ ನಾನೇ ಇಸ್ತ್ರಿ ಹಾಕಿದ್ದೆ. ಗುರುವಾರದಿಂದ ಮಾತಿರಲಿಲ್ಲ. ಬಸ್ ನಿಲ್ದಾಣದ ತನಕ ಬರುತ್ತೇನೆ ಎಂದೆ. ಬೇಡ ಎನ್ನಲಿಲ್ಲ. ಕೈ ಕೊಟ್ಟಳು. ಕಟ್ಟಡದವರೆಲ್ಲ ನೋಡುತ್ತಾರೆ, ಕೈ ಹಿಡಿದುಕೊಂಡೇ ಇಳಿಯಬೇಕು.

ಕೆಳಗೆ ದರ್ಜಿ ನಿಂತಿದ್ದ. ಕೈಯಲ್ಲಿ ಫೋನ್, ನಮ್ಮ ಕಡೆಗೆ ತಿರುಗಿಸಿ ಹಿಡಿದಿದ್ದ. ಅವಳ ಬೆರಳು ಬಿಗಿಯಾದವು.

“ಅಜ್ಜಿ,” ಎಂದು ಜೋರಾಗಿ, ಬಿಡಿಸಿ ಬಿಡಿಸಿ ಕರೆದ. “ನಾನ್ಯಾರು ಹೇಳಿ?”

ನನ್ನ ನಾಲಿಗೆಯ ತುದಿಯಲ್ಲಿ ಏಳೆಂಟು ಉತ್ತರವಿತ್ತು. ಒಂದಕ್ಕಿಂತ ಒಂದು ಖಾರ. ಯಾವುದನ್ನು ಹೇಳಿದರೂ ಆ ಚೀಟಿಗೆ ಬೆಲೆ ಉಳಿಯುವುದಿಲ್ಲ, ಇವಳು ಬಸ್ಸು ಹತ್ತುವ ಮುಂಚೆಯೇ ಘಟಕದಿಂದ ಫೋನ್ ಬರುತ್ತದೆ.

“ಯಾರಪ್ಪ ನೀನು?” ಎಂದೆ.

ಅವನ ಮುಖದಲ್ಲಿ ಏನೋ ಕುಸಿಯಿತು. ಫೋನ್ ಕೆಳಗಿಳಿಯಿತು. “ನೀವೂನಾ ಅಜ್ಜಿ,” ಎಂದ. ನಾನು ಅವನಿಗೆ ಮಾಡಿದ್ದು ಅನ್ಯಾಯ. ಅದನ್ನು ಇಲ್ಲಿ ಬರೆದಿಡುತ್ತೇನೆ, ಬೇರೆಲ್ಲೂ ಹೇಳುವಂತಿಲ್ಲ.

ಆಮೇಲೆ ಅವನು ಇವಳ ಕಡೆ ಕೈ ತೋರಿಸಿದ. ಈಗ ದನಿ ಮೆತ್ತಗಾಗಿತ್ತು. “ಇವರಾದ್ರೂ ಯಾರು, ಗೊತ್ತಾಗುತ್ತಾ?”

ನಾನು ಅವಳನ್ನು ನೋಡಿದೆ. ಅವಳು ಎದುರಿನ ಗೋಡೆ ನೋಡುತ್ತಿದ್ದಳು.

“ಯಾರೋ ಗೊತ್ತಿಲ್ಲಪ್ಪ,” ಎಂದೆ. “ನಮ್ಮ ಮನೇಲೇ ಇರ್ತಾಳೆ. ಜಾಸ್ತಿ ಮಾತಾಡಲ್ಲ. ನಾನು ಎಷ್ಟು ಬೈದ್ರೂ ನನ್ನ ಬಿಟ್ಟು ಹೋಗಲ್ಲ. ಇಂಥ ಮಗಳು ಯಾರ ಹೊಟ್ಟೇಲಿ ಹುಟ್ಟಿದಳೋ, ಅವರು ಪುಣ್ಯ ಮಾಡಿರಬೇಕು.”

ದರ್ಜಿ ತಲೆಯಾಡಿಸಿ ಪಕ್ಕಕ್ಕೆ ಸರಿದ. ನಾವು ರಸ್ತೆ ದಾಟಿದೆವು. ನಿಲ್ದಾಣದಲ್ಲಿ ಆರೇಳು ಜನ ಇದ್ದರು, ಒಬ್ಬರೂ ನಗಲಿಲ್ಲ. ಅವಳು ನನ್ನ ಕೈ ಬಿಟ್ಟಿರಲಿಲ್ಲ.

ಬಸ್ಸು ದೂರದ ತಿರುವಿನಲ್ಲಿ ಕಂಡಾಗ, ಕೇಳಬೇಕೋ ಬೇಡವೋ ಎಂಬಂತೆ ಮೆಲ್ಲಗೆ ಕೇಳಿದಳು. “ಅತ್ತೆ, ಆಗ ನೀವು ಅಲ್ಲಿ ಹೇಳಿದ್ರಲ್ಲ. ಅದೂ ನಾಟಕಾನಾ?”

“ಏನು ಹೇಳಿದೆ?” ಎಂದೆ. “ನನಗೇನೂ ನೆನಪಿಲ್ಲ. ಹತ್ತು, ಬಸ್ಸು ಬಂತು.”